ಕಂಬಳಿಯ ಮೂಲೆಯ ಹಸಿರು ದಾರ

ಗಲ್ಲೆಂದು ಬಳೆಗಳು ಮುಂಗೈಯಿಂದ ಮೊಣಕೈಗೆ ಜಾರುವ ಸದ್ದು. ಮಮತಾಜಳ ದಿನವೆಂದರೆ ಹೆಚ್ಚುಕಡಿಮೆ ಈ ಸದ್ದೇ. "ಕೈ ಮ್ಯಾಲ ಎತ್ತವಾ" ಎನ್ನುತ್ತಾಳೆ, ಅಳತೆಗೆ ನಿಂತವಳು ಎತ್ತುತ್ತಾಳೆ, ಬಳೆಗಳು ಜಾರುತ್ತವೆ. ಗಾಜಿನವು ಎಷ್ಟು, ನಡುವೆ ಬಂಗಾರದ್ದು ಒಂದಾದರೂ ಇದೆಯೇ, ಹೊಸದಾಗಿ ತೊಟ್ಟವೇ ಹಳೆಯವೇ, ಬೆನ್ನ ಹಿಂದೆ ನಿಂತೇ ಅವಳಿಗೆ ಗೊತ್ತಾಗುತ್ತದೆ.

ಚಿಕ್ಕೋಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಪ್ಪತ್ತೊಂದು ವರ್ಷದಿಂದ ಅವಳು ಜಂಪರು ಹೊಲಿಯುತ್ತಿದ್ದಾಳೆ. ಎಂಟು ಅಡಿ ಅಗಲದ ಅಂಗಡಿ, ಎರಡು ಯಂತ್ರ, ಒಂದು ಪರದೆ. ಪರದೆಯ ಹಿಂದೆ ಅಳತೆ. ಅಳತೆ ಕೊಡುವಾಗ ಹೆಂಗಸರು ಮಾತಾಡುತ್ತಾರೆ. ಮುಖ ಗೋಡೆಯ ಕಡೆ, ಟೇಪು ಹಿಡಿದ ಕೈ ಬೆನ್ನ ಹಿಂದೆ. ಯಾರ ಕಣ್ಣನ್ನೂ ನೋಡಬೇಕಿಲ್ಲ. ಗಂಡನ ಕುಡಿತ, ಅತ್ತೆಯ ಬಾಯಿ, ತವರಿನವರು ಕರೆಯದೇ ಬಿಟ್ಟ ಪಂಚಮಿ, ಮಗಳ ಗುಟ್ಟು. ಮಮತಾಜ ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು "ಹ್ಞೂಂ, ಹ್ಞೂಂ" ಎನ್ನುತ್ತಿರುತ್ತಾಳೆ. ಅಲ್ಲಿ ಕೇಳಿದ್ದು ಪರದೆ ದಾಟಿ ಬರಬಾರದು. ಹಾಗೆಂದು ಯಾರೂ ಅವಳಿಂದ ಆಣೆ ಮಾಡಿಸಿಕೊಂಡಿರಲಿಲ್ಲ. ಆದರೂ ಇಪ್ಪತ್ತೊಂದು ವರ್ಷ ಅದು ಹಾಗೆಯೇ ನಡೆದಿತ್ತು.

ಅವಳು ಕಥೆ ಬರೆಯುತ್ತಾಳೆ ಎಂಬುದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶುರುವಾದದ್ದು "ಹನ್ನೆರಡು ಕಂಬದ ವಾಡೆ" ಎಂಬ ಧಾರಾವಾಹಿಯಿಂದ. ಆ ವಾಡೆಯ ಹಿರಿಯ ಮಗ ಜಯವಂತ, ತಂದೆಯ ಜೊತೆ ಜಗಳಾಡಿ ಮನೆ ಬಿಟ್ಟು ಹೋದ. ಹೆಂಡತಿ ಸುಗಂಧಾ ಬಾಗಿಲಲ್ಲಿ ಉಳಿದಳು. ಅವನು ತಿರುಗಿ ಬಂದನೋ ಇಲ್ಲವೋ ತೋರಿಸದೆಯೇ ಧಾರಾವಾಹಿ ನಿಂತುಹೋಯಿತು. ನೋಡುತ್ತಿದ್ದವರು ಬಿಡಲಿಲ್ಲ. ಅಥಣಿಯ ನಿವೃತ್ತ ಮೇಷ್ಟ್ರು ನೇಮಿನಾಥ ಅವರು ಒಂದು ಆ್ಯಪಿನಲ್ಲಿ "ವಾಡೆಯ ಬಳಗ" ತೆರೆದರು. ನಿಪ್ಪಾಣಿ, ರಾಯಬಾಗ, ಕಾಗವಾಡದಿಂದ ಎಂಬತ್ತು ಜನ ಸೇರಿಕೊಂಡು ಜಯವಂತ, ಸುಗಂಧಾರ ಮುಂದಿನ ಕಥೆಗಳನ್ನು ತಾವೇ ಬರೆಯತೊಡಗಿದರು. ಅಲ್ಲಿ ಯಾರ ಹೆಸರೂ ನಿಜವಲ್ಲ, ಯಾರ ನಂಬರೂ ಕಾಣುವುದಿಲ್ಲ. ಮಮತಾಜ ಅಲ್ಲಿ "ಸೂಜಿಮೊನೆ".

ಫೋನಿನಲ್ಲಿ ಕನ್ನಡ ಟೈಪು ಮಾಡಲು ಕಲಿಸಿದವಳು ಮಗಳು ಮೆಹೆಕ. ಅವಳೇ ಚೇಷ್ಟೆಯನ್ನೂ ಮಾಡುತ್ತಿದ್ದಳು. "ಅಮ್ಮೀ, ನಿನಗ ಸ್ವಂತ ಮಂದೀನ ಹುಟ್ಟಸಾಕ ಬರೂದಿಲ್ಲೇನ? ಮಂದೀ ಮನ್ಯಾಗಿನ ಸೊಸಿ ಯಾಕ ಬೇಕ ನಿನಗ?"

"ಹಳೀ ಸೀರಿ ತಂದ ಕೊಟ್ಟು ಲಂಗಾ ಹೊಲಿ ಅಂತಾರ. ಬಟ್ಟಿ ಅವರದು, ಹೊಲಿಗಿ ನಂದು. ಇದೂ ಹಂಗ" ಎಂದಿದ್ದಳು ಮಮತಾಜ. ಆಗ ಆ ಮಾತು ಅವಳಿಗೆ ಬಹಳ ಸರಿಯೆನಿಸಿತ್ತು.

ಬಳಗದಲ್ಲಿ ವರ್ಷಕ್ಕೊಮ್ಮೆ "ಅದಲಿ ಬದಲಿ" ಎಂಬ ಪಂಥ. ನೇಮಿನಾಥ ಮೇಷ್ಟ್ರು ಎಲ್ಲರ ಹೆಸರಿನ ಚೀಟಿ ಎತ್ತುತ್ತಾರೆ. ಯಾರಿಗೆ ಯಾರ ಹೆಸರು ಬಂತೋ ಅವರ ಕಥೆಯೊಂದನ್ನು ಆರಿಸಿಕೊಂಡು ತಮ್ಮ ಕಣ್ಣಿನಿಂದ ಮತ್ತೆ ಹೇಳಬೇಕು. ಬೇಕಾದರೆ ಅಂತ್ಯ ಬದಲಿಸಬಹುದು. ಮೂಲದವರ ಹೆಸರು ಮೇಲೆ ಹಾಕಲೇಬೇಕು. ಮತ್ತೊಂದು ಕಟ್ಟುನಿಟ್ಟು: ಮೂಲದವರು ಮೊದಲು ಮಾತಾಡುವವರೆಗೆ ಉಳಿದವರು ಒಂದು ಅಕ್ಷರವನ್ನೂ ಬರೆಯುವಂತಿಲ್ಲ.

ಈ ವರ್ಷ ಮಮತಾಜಳಿಗೆ ಬಂದ ಚೀಟಿ "ಅಬೋಲಿ"ಯದು. ಅಬೋಲಿ ಬರೆದದ್ದೇ ಒಂದು ಕಥೆ. ಅದರಲ್ಲಿ ಸುಗಂಧಾ ದಿನವೂ ಗಂಡನ ಪಾಲಿನ ರೊಟ್ಟಿ ತೆಗೆದಿಟ್ಟು ಮೇಲೆ ತಾಟು ಮುಚ್ಚುತ್ತಾಳೆ. ಮರುದಿನ ಅದನ್ನು ನಾಯಿಗೆ ಹಾಕುತ್ತಾಳೆ. ಮತ್ತೆ ರೊಟ್ಟಿ, ಮತ್ತೆ ತಾಟು. ಆರು ಪುಟ ಇಷ್ಟೇ. ಕೊನೆಯೇ ಇಲ್ಲ, ನಿಂತುಬಿಡುತ್ತದೆ.

ಮಮತಾಜಳ ಕೈ ಸುಮ್ಮನಿರುವ ಕೈಯಲ್ಲ. ಸಡಿಲ ಹೊಲಿಗೆ ಕಂಡರೆ ಬಿಚ್ಚಿ ಹೊಲಿಯುವ ಕೈ. ಈ ಕಥೆಗೆ ಬೇಕಾದದ್ದು ಒಂದು ಅಂತ್ಯ ಎಂದು ಅವಳಿಗೆ ಅನಿಸಿತು. ಜಯವಂತ ಸಾಯಬೇಕು. ಅದನ್ನು ಸುಗಂಧಾ ತಿಳಿಯಬೇಕು. ಹೇಗೆ ತಿಳಿಯಬೇಕು ಎಂಬಲ್ಲಿ ಮೂರು ದಿನ ಕಥೆ ಮುಂದೆ ಹೋಗಲಿಲ್ಲ. ನಾಲ್ಕನೆಯ ದಿನ ಜಂಪರಿನ ಗುಂಡಿಗೆ ಕಾಜಾ ಕಟ್ಟುತ್ತ ಕುಳಿತಾಗ ಅವಳಿಗೆ ಭಾಗ್ಯಾ ನೆನಪಾದಳು.

ಭಾಗ್ಯಾ ಕಬ್ಬೂರಿನವಳು, ಕುರಿ ಕಾಯುವ ಮನೆಯ ಸೊಸೆ. ನಾಲ್ಕು ವರ್ಷದ ಹಿಂದೆ ಅಳತೆ ಕೊಟ್ಟು ಹೋಗುವಾಗ ಮೇಜಿನ ಮೇಲಿದ್ದ ಹಸಿರು ರೇಶ್ಮೆ ದಾರದ ತುಂಡನ್ನು ಬೇಡಿದ್ದಳು. "ನಮ್ಮವರ ಕಂಬಳಿಗೆ ಅಕ್ಕಾ. ಕುರಿ ಹಟ್ಟ್ಯಾಗ ಹತ್ತ ಮಂದಿ ಮಲಗತಾರ, ಎಲ್ಲಾ ಕಂಬಳಿ ಒಂದ ನಮೂನಿ ಇರತಾವ. ಬ್ಯಾರೇವರು ಹೊಚ್ಚಕೊಂಡ ಹೋಗಬಾರದಂತ ಮೂಲ್ಯಾಗ ಮೂರ ಹೊಲಿಗಿ ಹಾಕತೇನಿ." ಮುಂದಿನ ಸಲ ಬಂದಾಗ ನಗುತ್ತ ಹೇಳಿದಳು, "ಹಾಕಿದೆ. ಅವರಿಗೂ ಹೇಳಿಲ್ಲ." ಆ ವರ್ಷ ಮಳೆ ಹಿಡಿಯುವ ಮುಂಚೆ ಅವಳ ಗಂಡ ಮಾಳು ಎಂದಿನಂತೆ ಕುರಿ ಹೊಡೆದುಕೊಂಡು ಮೂಡಲ ಸೀಮೆಗೆ ಹೋಗಿ ದೀಪಾವಳಿಗೆ ತಿರುಗಿ ಬಂದ. ಮರುವರ್ಷ ಹೋದವನು ಬರಲಿಲ್ಲ. ಜೊತೆಯವರು ಕುರಿಗಳನ್ನು ತಂದು ಮುಟ್ಟಿಸಿದರು. ಕುರಿಗೆ ಔಷಧ ತರುತ್ತೇನೆಂದು ಪೇಟೆಗೆ ಹೋದವನು ಹಟ್ಟಿಗೆ ಮರಳಲಿಲ್ಲ ಎಂದರು. ಈಗ ಮೂರು ವರ್ಷ. ಇದನ್ನೂ ಮಮತಾಜ ಪರದೆಯ ಹಿಂದೆಯೇ ಕೇಳಿದ್ದಳು.

ಅವಳ ಕಥೆಯಲ್ಲಿ ಜಯವಂತ ಒಂದು ಹೊಳೆಯ ದಂಡೆಯಲ್ಲಿ ಜ್ವರದಿಂದ ಬೀಳುತ್ತಾನೆ. ಮೀನು ಹಿಡಿಯುವ ಒಬ್ಬ ಹೆಂಗಸು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸುತ್ತಾಳೆ. ಅವನು ಸಾಯುತ್ತಾನೆ. ಅವನು ಹೊದ್ದಿದ್ದ ಕಂಬಳಿಯನ್ನು ಆಕೆ ಊರೂರು ಹಿಡಿದುಕೊಂಡು ಬಂದು ವಾಡೆಯ ಕಟ್ಟೆಯ ಮೇಲೆ ಹರವುತ್ತಾಳೆ. ಮೂಲೆಯಲ್ಲಿ ಹಸಿರು ದಾರದ ಮೂರು ಹೊಲಿಗೆ. ಹಾಕಿದ್ದು ಗಂಡನಿಗೂ ಗೊತ್ತಿರದ ಹೊಲಿಗೆ. ಸುಗಂಧಾ ಅದನ್ನು ಬೆರಳಿನಿಂದ ಮುಟ್ಟುತ್ತಾಳೆ, ಒಳಗೆ ಹೋಗುತ್ತಾಳೆ, ಮುಚ್ಚಿದ್ದ ತಾಟು ತೆಗೆದು ಆ ರೊಟ್ಟಿಯನ್ನು ತಾನೇ ಉಣ್ಣುತ್ತಾಳೆ.

ಬರೆದು ಮುಗಿಸಿದಾಗ ಮಮತಾಜ ಅತ್ತಳು. ಬರೆದದ್ದು ಚೆನ್ನಾಗಿದೆ ಎಂದೂ ಅವಳಿಗೆ ಗೊತ್ತಿತ್ತು. ಭಾಗ್ಯಾಳ ನೆನಪು ಒಮ್ಮೆ ಚುಚ್ಚಿತು. ಕುರಿ ಕಾಯುವವರ ಮನೆಯ ಹೆಣ್ಣುಮಗಳು, ಅವಳೆಲ್ಲಿ ಇದನ್ನು ಓದುತ್ತಾಳೆ ಎಂದುಕೊಂಡು ಕಥೆಯನ್ನು ಬಳಗಕ್ಕೆ ಹಾಕಿದಳು.

ಮೊದಲ ಮಾತು ಅಬೋಲಿಯದೇ ಆಗಬೇಕು. ಒಂದು ದಿನ ಹೋಯಿತು, ಎರಡು ಹೋಯಿತು. ಎಂಬತ್ತು ಜನ ಓದಿ ಸುಮ್ಮನೆ ಕಾದರು. ನಾಲ್ಕನೆಯ ದಿನ ಮಧ್ಯಾಹ್ನ ಫೋನು ಬೆಳಗಿತು. ಅಬೋಲಿ ಎಲ್ಲರೆದುರು ಬರೆದಿರಲಿಲ್ಲ. ಸೂಜಿಮೊನೆಗೆ ಒಬ್ಬಳಿಗೇ ಬರೆದಿದ್ದಳು.

"ಅಕ್ಕಾರ, ಚಲೋ ಬರದೀರಿ. ಒಂದು ಕೇಳತೀನ್ರಿ, ಸಿಟ್ಟ ಮಾಡಬ್ಯಾಡ್ರಿ. ಆ ಕಂಬಳಿ ನೀವು ಎಲ್ಲಿ ನೋಡಿದ್ರಿ?"

ಮಮತಾಜ ಅದನ್ನು ಎರಡು ಸಲ ಓದಿದಳು. ಯಂತ್ರದ ಮೇಲೆ ಅರ್ಧ ಹೊಲಿದ ತೋಳು ಹಾಗೆಯೇ ಇತ್ತು. ಮೂರು ಹೊಲಿಗೆಯ ವಿಷಯ ಈ ಲೋಕದಲ್ಲಿ ಇಬ್ಬರಿಗೇ ಗೊತ್ತಿತ್ತು. ಒಬ್ಬಳು ತಾನು. ಹಾಗಾದರೆ ಬರೆದವಳು ಯಾರೆಂದು ತಿಳಿಯಲು ಅವಳಿಗೆ ಇನ್ನೇನೂ ಬೇಕಾಗಲಿಲ್ಲ. ರೊಟ್ಟಿಯ ಮೇಲೆ ದಿನವೂ ತಾಟು ಮುಚ್ಚುತ್ತಿದ್ದವಳು ಸುಗಂಧಾ ಅಲ್ಲ. ಆ ಕಥೆಗೆ ಅಂತ್ಯವಿಲ್ಲದ್ದು ಬರೆಯುವವಳಿಗೆ ಬರೆಯಲು ಬಾರದ ಕಾರಣಕ್ಕಲ್ಲ.

ಆಗಲೇ ಉತ್ತರ ಬರೆದಿದ್ದರೆ ಮುಗಿಯುತ್ತಿತ್ತು. "ನಾನು ಚಿಕ್ಕೋಡಿ ಮಮತಾಜ, ದಾರ ಕೊಟ್ಟಾಕಿ" ಎಂಬಷ್ಟು. ಅಷ್ಟನ್ನು ಟೈಪು ಮಾಡಿದಳು, ಅಳಿಸಿದಳು. ಮತ್ತೆ ಮಾಡಿದಳು, ಮತ್ತೆ ಅಳಿಸಿದಳು. ಆಮೇಲೆ ಕಥೆಯನ್ನೇ ಬಳಗದಿಂದ ತೆಗೆದುಬಿಟ್ಟಳು. ಕಥೆಯೇ ಇಲ್ಲದ ಮೇಲೆ ಪ್ರಶ್ನೆಯೂ ಇಲ್ಲ ಎಂದುಕೊಂಡಳು. ಅಂದು ಸಂಜೆಯೊಳಗೆ ಅಬೋಲಿ ಬಳಗ ಬಿಟ್ಟು ಹೋದಳು.

ನೇಮಿನಾಥ ಮೇಷ್ಟ್ರಿಗೆ ಸಿಟ್ಟು ಬಂದಿತ್ತು. ಫೋನು ಮಾಡಿದರು. ಬಳಗದಲ್ಲಿ ಎಲ್ಲರ ನಿಜ ಹೆಸರು ಗೊತ್ತಿದ್ದವರು ಅವರೊಬ್ಬರೇ. "ಮಮತಾಜಬಾಯಿ, ಪಂಥದ ನಡುವ ಕಥಿ ಅಳಸೂದಂದ್ರ ಏನ್ರೀ? ಈ ವರ್ಷ ಅದಕ್ಕಿಂತ ಚಲೋ ಕಥಿ ಬಂದಿಲ್ಲ."

"ಸರ, ಅದರಾಗ ನಾ ಒಬ್ಬರದ ಖರೇ ಸುದ್ದಿ ಹಾಕೇನಿ. ಕೇಳಲಾರದ."

"ಎಲ್ಲಾರೂ ಹಾಕತಾರ. ಮತ್ತ ಕಥಿ ಏನ ಮುಗಲಿಂದ ಉದರತಾವೇನು?"

"ಅವರ ಅದನ್ನ ಓದ್ಯಾರ, ಸರ."

ಮೇಷ್ಟ್ರ ದನಿ ಇಳಿಯಿತು. "ಹಂಗಾರ ಕ್ಷಮಾ ಕೇಳ್ರಿ" ಎಂದರು. "ಫೋನಿನಾಗ ಅಲ್ಲ. ಹೋಗಿ ಕೇಳ್ರಿ."

ಮಮತಾಜ ಹೋಗಲಿಲ್ಲ. ನಾಳೆ ಎಂದಳು. ಮದುವೆಯ ಜಂಪರುಗಳಿವೆ ಎಂದಳು. ಇಸ್ರಾರ, ಅವಳ ಗಂಡ, ಅನ್ನದಲ್ಲಿ ಉಪ್ಪು ಎರಡು ಸಲ ಬಿದ್ದಿದೆ ಎಂದಾಗ ಅವನ ಮೇಲೆ ರೇಗಿ ಎದ್ದು ಹೋದಳು. ಹನ್ನೊಂದು ದಿನ ಹೀಗೆ ಕಳೆದವು.

ಹನ್ನೆರಡನೆಯ ದಿನ ಭಾಗ್ಯಾ ತಾನೇ ಅಂಗಡಿಗೆ ಬಂದಳು. ಹೊಲಿಯಲು ಕೊಟ್ಟಿದ್ದ ಹಸಿರು ಖಣದ ಬಟ್ಟೆ ತಿರುಗಿ ಒಯ್ಯಲು.

"ಕತ್ತರಸೀ ಏನಕ್ಕಾ?"

"ಇನ್ನಾ ಇಲ್ಲ."

"ಛಲೋ ಆತು. ಹೊಲೀಬ್ಯಾಡ. ನಮ್ಮ ನಾದಿನಿಗೆ ಕೊಡತೇನಿ. ನನಗಿನ್ನ ಹಸರ ಯಾಕ."

ಮಮತಾಜಳ ತುಟಿಯಲ್ಲಿ ಗುಂಡುಪಿನ್ನುಗಳಿದ್ದವು. ಅವನ್ನು ತೆಗೆಯಲಿಲ್ಲ.

ಭಾಗ್ಯಾ ತಾನಾಗಿಯೇ ಹೇಳಿದಳು. ಫೋನಿನಲ್ಲಿ ಯಾರೋ ಒಂದು ಕಥೆ ಬರೆದಿದ್ದರು. ಅದರಲ್ಲಿ ತನ್ನ ಗಂಡನ ಕಂಬಳಿ ಇತ್ತು. ಮೂಲೆಯ ಹೊಲಿಗೆ ಸಮೇತ ಇತ್ತು. ಕಣ್ಣಾರೆ ನೋಡದವರಿಗೆ ಅದು ಗೊತ್ತಾಗುವುದಲ್ಲ. "ಎಲ್ಲಿ ನೋಡೀರಿ ಅಂತ ಕೇಳಿದೆ. ಕೇಳಿದ ಕೂಡಲೇ ಬರದದ್ದನ್ನ ಅಳಸಿ ಹಾಕಿಬಿಟ್ಟರು. ನಾ ಮದಲ ಫೋಟೋ ಹೊಡದ ಇಟಗೊಂಡಿದ್ದೆ. ನಮ್ಮ ಮೈದುನ ಬೀರದೇವ ಅದನ್ನ ಒಯ್ದು ಊರ ಹಿರ್ಯಾರ ಮುಂದ, ದೈವದವರ ಮುಂದ ಓದಿದ. ಖರೇ ಇರಲಾರದ ಯಾಕ ಅಳಸಿ ಓಡತಾರ, ಅಂದರು ಹಿರ್ಯಾರು. ಬರೂ ಅಮಾಸಿಗೆ ಅವರ ಹೆಸರಲೆ ಹುಲ್ಲಿನ ಗೊಂಬಿ ಮಾಡಿ ಮಣ್ಣ ಕೊಡತಾರ. ಅವತ್ತ ನನ್ನ ಕೈಯಾನ ಬಳಿ…" ಅವಳು ಮುಂದೆ ಹೇಳದೆ ಖಣದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು.

"ಹ್ಞೂಂ" ಎಂದಿತು ಪಿನ್ನು ಕಚ್ಚಿದ ಬಾಯಿ. ಇಪ್ಪತ್ತೊಂದು ವರ್ಷ ಹೇಳಿದ ಹಾಗೆಯೇ.

"ಬರ್ತೇನಕ್ಕಾ" ಎಂದು ಭಾಗ್ಯಾ ಹೋದಳು. ಅವಳು ಓಣಿಯ ತಿರುವು ದಾಟುವವರೆಗೂ ಮಮತಾಜ ನೋಡಿದಳು. ಕೂಗಿ ಕರೆಯಬಹುದಾಗಿತ್ತು. ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ತುಟಿಯ ಒಳಗೆ ಒಂದು ಕಡೆ ರಕ್ತ ಬಂದಿತ್ತು.

ಅಮಾವಾಸ್ಯೆಗೆ ಮೂರು ದಿನವಿತ್ತು. ಮರುದಿನ ಅಂಗಡಿ ತೆರೆಯಲಿಲ್ಲ. ಬುರ್ಖಾ ತೊಟ್ಟು ಕಬ್ಬೂರಿನ ಬಸ್ಸು ಹತ್ತಿದಳು. ಕಿಟಕಿಯಾಚೆ ಕಬ್ಬು, ಅದರಾಚೆ ಮತ್ತೆ ಕಬ್ಬು. ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದಳು. ಮೊದಲು ದಾರದ ವಿಷಯ, ಆಮೇಲೆ ಚೀಟಿಯ ವಿಷಯ. ಜೋಡಿಸಿದಂತೆಲ್ಲ ಅದು ಒಂದು ಚೆಂದದ ಕಥೆಯಾಗತೊಡಗಿತು. ಅವಳಿಗೆ ತನ್ನ ಮೇಲೆ ಹೇಸಿಕೆಯಾಯಿತು. ಜೋಡಿಸುವುದನ್ನು ಬಿಟ್ಟು ಮುಂದಿನ ಸೀಟಿನ ಕಂಬಿ ಹಿಡಿದು ಕುಳಿತಳು.

ಮನೆಯ ಮುಂದೆ ಕುರಿ ಹಟ್ಟಿ. ಕಟ್ಟೆಯ ಮೇಲೆ ಮಾಳುವಿನ ತಾಯಿ ಮಲಕವ್ವ ಉಣ್ಣೆ ನೂಲುತ್ತ ಕುಳಿತಿದ್ದಳು. ಪಕ್ಕದಲ್ಲಿ ಭಾಗ್ಯಾ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಅಯ್ಯ, ಜಂಪರ ಹೊಲಿಯೂ ಅಕ್ಕ! ಇಷ್ಟ ದೂರ?" ಭಾಗ್ಯಾ ಎದ್ದು ನಿಂತಳು. "ಅತ್ತಿ, ಇವರ ನೋಡ ಮಮತಾಜಕ್ಕ ಅಂದ್ರ."

"ಕುಂಡರ ಬಾರ ತಂಗಿ. ಬಿಸಲಾಗ ಬಂದೀ" ಎಂದಳು ಮಲಕವ್ವ.

ಮಮತಾಜ ಕುಳಿತುಕೊಳ್ಳಲಿಲ್ಲ. ಕುಳಿತರೆ ಚಹಾ ಬರುತ್ತದೆ, ಚಹಾ ಕುಡಿದರೆ ಹೇಳುವುದು ಇನ್ನೂ ಕಷ್ಟ. "ಭಾಗ್ಯಾ, ಆ ಕಥಿ ಬರದಾಕಿ ನಾನ" ಎಂದಳು.

ಭಾಗ್ಯಾಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಅಂದ್ರ ಕಂಬಳಿ ನೋಡಿದಾಕಿ ನೀನ?"

"ನಾ ನೋಡೇ ಇಲ್ಲ. ದಾರಾ ಕೊಟ್ಟಾಕಿ ನಾನು. ಮೂಲ್ಯಾಗ ಮೂರ ಹೊಲಿಗಿ ಹಾಕೇನಿ, ಅವರಿಗೂ ಹೇಳಿಲ್ಲ ಅಂತ ನೀನ ಹೇಳಿದ್ದಿ. ಅಳತಿ ಕೊಡಾಕತ್ತಾಗ."

"ನಾ ಯಾವಾಗ ಹೇಳೇನಿ?"

"ನಾಕ ವರ್ಷ ಆತು."

"ನನಗ ನೆನಪ ಇಲ್ಲಲ್ಲಕ್ಕಾ." ಭಾಗ್ಯಾ ಮೊರವನ್ನು ಕೆಳಗಿಟ್ಟಳು. "ನೆನಪಿದ್ದರ ನಾ…" ಆಮೇಲೆ ಸಣ್ಣ ದನಿಯಲ್ಲಿ, "ಹೊಳಿ ದಂಡಿ?"

"ಸುಳ್ಳು."

"ಜ್ವರಾ?"

"ಎಲ್ಲಾ ನನ್ನ ತಲ್ಯಾಗಿಂದು. ಅಬೋಲಿ ಅಂದ್ರ ನೀನ ಅಂತ ನನಗ ಗೊತ್ತಿರಲಿಲ್ಲ. ನೀ ಓದಾಕಿ ಅಂತ ಸೈತ ನಾ ತಿಳಕೊಂಡಿರಲಿಲ್ಲ. ತಪ್ಪ ಅದ. ಗೊತ್ತಾದ ಮ್ಯಾಲೂ ಹನ್ನೆರಡ ದಿನ ಬಾಯಿ ಮುಚಗೊಂಡ ಕುಂತೆ. ನಿನ್ನೆ ನೀ ಬಂದಾಗ ಸೈತ."

"ನಿನ್ನೆ ನೀ 'ಹ್ಞೂಂ' ಅಂದಿ" ಎಂದಳು ಭಾಗ್ಯಾ. ಅಷ್ಟನ್ನು ಬಿಟ್ಟು ಅವಳು ಬಯ್ಯಲಿಲ್ಲ. ಮುಖವನ್ನು ಸೆರಗಿನಿಂದ ಒರೆಸಿಕೊಂಡಳು. ಸೆರಗು ತೆಗೆದಾಗ ಅವಳು ಅಳುತ್ತಿದ್ದಳು, ಕಣ್ಣು ಮಾತ್ರ ಬೇರೆಯೇ ಆಗಿತ್ತು. "ಹಂಗಾರ ಅವರು ಅದಾರ. ಅದಾರಲ್ಲಕ್ಕಾ?"

"ಅದೂ ನನಗ ಗೊತ್ತಿಲ್ಲ ಭಾಗ್ಯಾ."

"ಗೊತ್ತಿಲ್ಲಂದ್ರ ಹೆಂಗ? ಸಾಯಸೂದು ಗೊತ್ತಿತ್ತು!"

ಮಲಕವ್ವನ ಕದಿರು ನಿಂತಿತ್ತು. ಮುದುಕಿ ಇಬ್ಬರನ್ನೂ ನೋಡಿದಳು. "ಏನ ಸುಳ್ಳ ಅಂತಾಳ ಇಕಿ? ನೀರ ಕುಡಿಸಿದ ಆ ಹೆಣಮಗಳು?"

ಮಮತಾಜ ತಲೆ ತಗ್ಗಿಸಿದಳು. "ಅಕೀನೂ ಸುಳ್ಳರಿ, ಆಯಿ."

"ಯಾಕ ಸುಳ್ಳಾಗತಾಳ? ಬೀರದೇವ ಓದಿ ಹೇಳ್ಯಾನ. ತಲಿ ತೊಡಿ ಮ್ಯಾಲ ಇಟಗೊಂಡಳಂತ. ನೀರ ಬಿಟ್ಟಳಂತ." ಮಲಕವ್ವ ಕದಿರನ್ನು ಮಡಿಲಲ್ಲಿಟ್ಟುಕೊಂಡಳು. "ಮೂರ ವರ್ಷ ತಂಬಗಿ ಎತ್ತಿ ಬಾಯಿಗೆ ಹಚ್ಚಿದಾಗೆಲ್ಲಾ, ನನ್ನ ಮಗಗ ಸಿಕ್ಕಿತ್ತೋ ಇಲ್ಲೋ ಅಂತ ನೀರ ಗಂಟಲದಾಗ ನಿಲ್ಲತಿತ್ತು. ಆ ಕಥಿ ಕೇಳಿದಂದಿನಿಂದ ಕುಡ್ಯಾಕತ್ತೇನಿ. ಈಗ ಬಂದು ಅದನ್ನೂ ಕಸಗೊಳ್ಳಾಕತ್ತೀಯಲ್ಲಬೇ. ನಾ ಏನ ಮಾಡೇನಿ ನಿನಗ?"

"ಅತ್ತಿ, ಅವರ ಸತ್ತಿಲ್ಲ ಅಂದ್ರ ನಿನಗ ಸಂತೋಷ ಆಗೂದಿಲ್ಲೇನ?"

"ಸತ್ತಿಲ್ಲ ಅಂತ ಯಾರ ಹೇಳ್ಯಾರ? ಇಕಿ ಹೇಳಿದಳೇನ? ಗೊತ್ತಿಲ್ಲ ಅಂತಾಳ. ಗೊತ್ತಿಲ್ಲ ಅನ್ನೂದು ನನ್ನ ಹಂತೇಕೂ ಐತಿ, ಮೂರ ವರ್ಷದ್ದು."

ಭಾಗ್ಯಾ ಮಮತಾಜಳ ಕೈ ಹಿಡಿದಳು. "ಅಕ್ಕಾ, ಮತ್ತ ಬರಿ. ಅದ ಕಂಬಳಿ ಹೊಚ್ಚಕೊಂಡ ಮನಿಗೆ ಬಂದರು ಅಂತ ಬರಿ. ಅಮಾಸಿಗಿಂತ ಮದಲ ನಾನ ಓದತೇನಿ ದೈವದವರ ಮುಂದ."

"ಬರ್ಯಾಂಗಿಲ್ಲ" ಎಂದಳು ಮಮತಾಜ. "ಇನ್ನೊಮ್ಮಿ ಅವರ ಬಗ್ಗೆ ನಾ ಒಂದ ಅಕ್ಷರ ಬರ್ಯಾಂಗಿಲ್ಲ. ನಾನ ಹೋಗಿ ಹೇಳತೇನಿ. ಬಾಯಿಲೆ. ಹಿರ್ಯಾರ ಮನಿ ಯಾವ ಕಡೆ?"

"ಮಲಕಾರಿ ಗೌಡರ ಮನಿ. ಬೇವಿನ ಗಿಡ ದಾಟಿ ಬಲಕ್ಕ. ಬೈತಾರ ಅವರು, ಹೆಂಗಸೂರ ಗಂಡಸೂರ ಅನ್ನೂದಿಲ್ಲ."

"ಬೈಲಿ."

"ಅಲ್ಲೆ ಆಮ್ಯಾಲ ಹೋಗವಂತಿ" ಎಂದಳು ಮಲಕವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಬೇಡುವ ದನಿ ಅದು. "ಸುಳ್ಳಾದರ ಸುಳ್ಳಾಗಲಿ. ಬರದಾಕಿ ನೀನ ಅಲ್ಲ? ನಿನಗ ಕಂಡಿರಬೇಕಲ್ಲ. ಇಷ್ಟ ಹೇಳ. ಆ ನೀರು ತಂಪ ಇತ್ತೇನ? ಬಿಸಲಾಗ ಕಾದ ನೀರೇನ?"

ತಂಪಿತ್ತು ಆಯಿ, ಗಡಿಗೆಯದು, ಮೇಲೆ ಒದ್ದೆ ಅರಿವೆ ಸುತ್ತಿತ್ತು. ಉತ್ತರ ಆಗಲೇ ಮಮತಾಜಳ ನಾಲಿಗೆಯ ಮೇಲಿತ್ತು. ಎಷ್ಟು ಬೇಗ ಬಂತು, ಎಷ್ಟು ಸಲೀಸಾಗಿ ಬಂತು ಎಂದು ಅವಳು ಹೆದರಿದಳು. ಭಾಗ್ಯಾಳ ಬೆರಳುಗಳಿಂದ ಕೈ ಬಿಡಿಸಿಕೊಂಡು ಕಟ್ಟೆಯ ಕೆಳಗಿದ್ದ ಚಪ್ಪಲಿಯಲ್ಲಿ ಕಾಲು ತೂರಿಸಿದಳು.

"ಅಕ್ಕಾ, ನಿಂದರ, ನಾನೂ ಬರತೇನಿ…"

"ಹೇಳ ಹೋಗಬೇ, ತಂಪ ಇತ್ತೋ ಇಲ್ಲೋ ಅಷ್ಟ…"

ಮಮತಾಜ ಹಟ್ಟಿ ದಾಟಿ ಬೇವಿನ ಗಿಡದ ಕಡೆ ನಡೆಯುತ್ತಿದ್ದಳು.